ಒಂದು ಅಂಕದ ಹಂಗಾಮು

ಬ್ರೆಜಿಲ್ ದೇಶದ ಹವಾಮಾನವನ್ನು ನಮ್ಮ ಕಾಫಿ ಬೆಳೆಗಾರರಷ್ಟು ಶ್ರದ್ಧೆಯಿಂದ ಗಮನಿಸುವವರು ಈ ದೇಶದಲ್ಲಿ ಬೇರೆ ಇರಲಾರರು. ಅಲ್ಲಿ ಹಿಮ ಸುರಿದರೆ ಇಲ್ಲಿ ಧಾರಣೆ ಏರುತ್ತದೆ; ಅಲ್ಲಿ ಹೂಮಳೆ ಚೆನ್ನಾಗಿ ಬಿದ್ದರೆ ಇಲ್ಲಿ ನಮ್ಮ ಮುಖ ಬಾಡುತ್ತದೆ. 1975ರ ಜುಲೈ ತಿಂಗಳಲ್ಲಿ ಪರಾನಾ ಪ್ರಾಂತ್ಯದ ತೋಟಗಳನ್ನು ಸುಟ್ಟುಹಾಕಿದ ಹಿಮದ ಕಥೆಯನ್ನು ನಮ್ಮ ಹಿರಿಯ ಸದಸ್ಯರು ಇಂದಿಗೂ ಹೇಳುವುದುಂಟು. ಆದರೆ ಧಾರಣೆಗೂ ಕಾಫಿಗೂ ಏನೇನೂ ಸಂಬಂಧವಿಲ್ಲದ ಕಾರಣಕ್ಕಾಗಿ ನಾವು ಸಾವೊ ಪಾಲೊ ನಗರದ ಆಕಾಶವನ್ನು ನೋಡಿದ್ದೂ ಒಂದು ವರ್ಷ ಉಂಟು. ಅದು 2008ನೆಯ ಇಸವಿ. ಆ ವರ್ಷದ ಫಾರ್ಮುಲಾ ಒನ್ ಕಾರು ಪಂದ್ಯಗಳ ಹಂಗಾಮನ್ನು ಮೊದಲಿನಿಂದ ಕೊನೆಯವರೆಗೆ ಬೆನ್ನು ಹತ್ತಿದ ವೃತ್ತಾಂತವನ್ನು ವಾಚಕ ಬಂಧುಗಳ ಮುಂದಿಡುವ ಉದ್ದೇಶ ನಮ್ಮದು.

ತೋಟಗಾರರಿಗೆ ಕಾರು ಪಂದ್ಯದ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಗಳಲ್ಲಿ ರ್‍ಯಾಲಿ ನಡೆದಾಗ ಬೇಲಿಯ ಮೇಲೆ ಹತ್ತಿ ನಿಂತು ಮೈಯೆಲ್ಲ ಧೂಳು ಮಾಡಿಕೊಂಡವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಜೀಪಿನ ಗೇರು ಹಾಕಿ ಮಳೆಗಾಲದ ಏರು ಹತ್ತಿಸಲು ಬಲ್ಲವನಿಗೆ ಟಯರು ಮತ್ತು ಕೆಸರಿನ ಸಂಬಂಧವನ್ನು ಬೇರೆಯವರು ವಿವರಿಸಬೇಕಾಗಿಲ್ಲ. ಅದಿರಲಿ, 2008ರ ಹಂಗಾಮು ಮಳೆಯ ಹಂಗಾಮು. ಮೊನಾಕೊ, ಇಂಗ್ಲೆಂಡಿನ ಸಿಲ್ವರ್‌ಸ್ಟೋನ್, ಬೆಲ್ಜಿಯಂ, ಇಟಲಿ, ಕಡೆಗೆ ಬ್ರೆಜಿಲ್ - ಹದಿನೆಂಟು ಓಟಗಳಲ್ಲಿ ಐದಕ್ಕೆ ಮಳೆ ಕೈ ಹಾಕಿತು. ಚಕ್ರ ಜಾರದಂತೆ ತಡೆಯುವ ವಿದ್ಯುನ್ಮಾನ ಉಪಕರಣವನ್ನು ಆ ವರ್ಷದಿಂದಲೇ ನಿಷೇಧಿಸಿದ್ದರು. ಆದ್ದರಿಂದ ಒದ್ದೆ ದಾರಿಯಲ್ಲಿ ಚಾಲಕನ ಪಾದವೇ ಗತಿ.

ನಾವು ಈ ಲೆಕ್ಕವನ್ನು ಬರೆದಿಟ್ಟದ್ದು ಮಳೆ ಬರೆಯುವ ಡೈರಿಯ ಹಿಂಬದಿಯ ಹಾಳೆಗಳಲ್ಲಿ. ಮುಂದಿನಿಂದ ತೆರೆದರೆ ಇಂಚು-ಸೆಂಟುಗಳ ಮಳೆ. ಹಿಂದಿನಿಂದ ತೆರೆದರೆ ಅಂಕಗಳು. ಆಗ ಮೊದಲ ಎಂಟು ಮಂದಿಗೆ ಮಾತ್ರ ಅಂಕ: ಗೆದ್ದವರಿಗೆ 10, ಎರಡನೆಯವರಿಗೆ 8, ಆಮೇಲೆ ಕ್ರಮವಾಗಿ 6, 5, 4, 3, 2, 1. ಒಂಬತ್ತನೆಯವರಾಗಿ ಬಂದವರು ಮನೆಯಲ್ಲೇ ಕುಳಿತಿದ್ದರೂ ಅಷ್ಟೇ ಎನ್ನಬಹುದು. ಪತ್ರಿಕೆಗಳು ಕ್ರಿಕೆಟ್ಟಿಗೆ ಅರ್ಧ ಪುಟ ಬಿಟ್ಟು ಈ ಅಂಕಗಳನ್ನು ಮೂಲೆಯಲ್ಲಿ ನಾಲ್ಕು ಸಾಲಿಗೆ ಮುಗಿಸುತ್ತಿದ್ದುದರಿಂದ ನಮ್ಮ ಲೆಕ್ಕ ನಾವೇ ಇಡುವುದು ಅನಿವಾರ್ಯವಾಗಿತ್ತು. ಯುರೋಪಿನ ಓಟಗಳು ನಮ್ಮಲ್ಲಿ ಸಂಜೆ ಐದೂವರೆಗೆ ಆರಂಭವಾಗುತ್ತಿದ್ದುವು. ಆಸ್ಟ್ರೇಲಿಯದ್ದು ಬೆಳಿಗ್ಗೆ, ಬ್ರೆಜಿಲ್‌ನದ್ದು ರಾತ್ರಿ ಹತ್ತೂವರೆಗೆ. ಮಳೆಗಾಲದ ಸಂಜೆಗಳಲ್ಲಿ ಡಿಶ್ ಒದ್ದೆಯಾಗಿ ಚಿತ್ರ ನಿಂತರೆ, ಕರೆಂಟು ಹೋದರೆ, ಮರುದಿನದ ಪತ್ರಿಕೆಯ ಆ ನಾಲ್ಕು ಸಾಲೇ ಗತಿ.

ಆ ಸಲದ ಕಣದಲ್ಲಿ ಮುಖ್ಯರು ಇಬ್ಬರು. ಮೆಕ್ಲಾರೆನ್ ತಂಡದ ಲೂಯಿಸ್ ಹ್ಯಾಮಿಲ್ಟನ್ ಇಂಗ್ಲೆಂಡಿನ ತರುಣ. ಈ ಪಂದ್ಯಗಳಲ್ಲಿ ಓಡಿಸಿದ ಮೊದಲ ಕಪ್ಪು ಚಾಲಕ. ಮಗನ ಓಟಕ್ಕೆ ಹಣ ಹೊಂದಿಸಲು ತಂದೆ ಒಂದೇ ಕಾಲಕ್ಕೆ ಎರಡು ಮೂರು ಕೆಲಸ ಮಾಡಿದ್ದರು. 2007ರಲ್ಲಿ, ತಮ್ಮ ಮೊದಲ ಹಂಗಾಮಿನಲ್ಲೇ, ಎರಡು ಓಟಗಳು ಉಳಿದಿದ್ದಾಗ ಹದಿನೇಳು ಅಂಕ ಮುಂದಿದ್ದೂ ಹ್ಯಾಮಿಲ್ಟನ್ ಪಟ್ಟವನ್ನು ಒಂದೇ ಒಂದು ಅಂಕದಿಂದ ಕಳೆದುಕೊಂಡಿದ್ದರು. ಇನ್ನೊಬ್ಬರು ಫೆರಾರಿ ತಂಡದ ಫೆಲಿಪೆ ಮಸ್ಸಾ, ಸಾವೊ ಪಾಲೊ ನಗರದವರು. ಅದೇ ತಂಡದ ಕಿಮಿ ರೈಕೊನೆನ್ ಹಿಂದಿನ ವರ್ಷದ ವಿಜೇತರಾದ್ದರಿಂದ ಮಸ್ಸಾ ಅವರನ್ನು ಆರಂಭದಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಾವು ಮಸ್ಸಾ ಪಕ್ಷ. ಕಾಫಿ ಸೀಮೆಯವನು ಎಂಬ ಅಭಿಮಾನ ಇದ್ದಿರಬೇಕು. ಮನೆಯ ಹುಡುಗರೆಲ್ಲ ಹ್ಯಾಮಿಲ್ಟನ್ ಪಕ್ಷವಾಗಿದ್ದುದೂ ಒಂದು ಕಾರಣವಾಗಿರಬಹುದು.

ಮಾರ್ಚ್ 16ರಂದು ಆಸ್ಟ್ರೇಲಿಯದಲ್ಲಿ ಹ್ಯಾಮಿಲ್ಟನ್ ಗೆದ್ದರು. ಮಸ್ಸಾ ಅವರ ಎಂಜಿನ್ನು ಕೆಟ್ಟಿತು. ಮುಂದಿನ ವಾರ ಮಲೇಷ್ಯದಲ್ಲಿ ಮಸ್ಸಾ ತಾವಾಗಿ ದಾರಿ ಬಿಟ್ಟು ಜಾರಿ ಮರಳಿನಲ್ಲಿ ಹೂತರು. ಎರಡು ಓಟ, ಸೊನ್ನೆ ಅಂಕ. ಹುಡುಗರು ನಮ್ಮನ್ನು ಮಾತನಾಡಿಸುವ ಧಾಟಿಯೇ ಬದಲಾಯಿತು. ಆದರೆ ಏಪ್ರಿಲ್‌ನಲ್ಲಿ ಬಹರೇನ್, ಮೇ ತಿಂಗಳಲ್ಲಿ ಟರ್ಕಿ ಮಸ್ಸಾ ಪಾಲಾದವು.

ಮೇ 25ರ ಮೊನಾಕೊ ಓಟವನ್ನು ಕರ್ನಾಟಕದವರು ಬೇರೊಂದು ಕಾರಣಕ್ಕೆ ನೆನಪಿಡಬೇಕು. ಬೆಂಗಳೂರಿನ ಉದ್ಯಮಿ ವಿಜಯ ಮಲ್ಯ 2007ರಲ್ಲಿ ಡಚ್ಚರ ಪಾಲುದಾರಿಕೆಯಲ್ಲಿ ಒಂದು ತಂಡವನ್ನು ಕೊಂಡು ಫೋರ್ಸ್ ಇಂಡಿಯಾ ಎಂಬ ಹೆಸರಿಟ್ಟಿದ್ದರು. ಕಾರ್ಖಾನೆ ಇದ್ದದ್ದು ಇಂಗ್ಲೆಂಡಿನಲ್ಲಿ, ಚಾಲಕರು ಇಟಲಿಯ ಫಿಸಿಕೆಲ್ಲಾ ಮತ್ತು ಜರ್ಮನಿಯ ಸುಟಿಲ್; ಭಾರತದ್ದು ಹೆಸರು ಮತ್ತು ಬಣ್ಣ. ಆದರೂ ಕಾರಿನ ಮೇಲೆ ನಮ್ಮ ದೇಶದ ಹೆಸರು ಓಡುವುದನ್ನು ಕಂಡಾಗ ಆಗುತ್ತಿದ್ದ ಸಂತೋಷ ಸುಳ್ಳಲ್ಲ. ಎಲ್ಲರಿಗಿಂತ ಹಿಂದೆ ಉಳಿಯುವ ಆ ಕಾರಿನಲ್ಲಿ ಏಡ್ರಿಯನ್ ಸುಟಿಲ್ ಮೊನಾಕೊದ ಮಳೆಯಲ್ಲಿ ಗೋಡೆಗಳ ನಡುವೆ ಒಬ್ಬೊಬ್ಬರನ್ನೇ ದಾಟುತ್ತ ನಾಲ್ಕನೆಯ ಸ್ಥಾನಕ್ಕೆ ಬಂದಿದ್ದರು. ಇನ್ನು ಕೆಲವೇ ಸುತ್ತುಗಳು. ಸುರಂಗದಿಂದ ಹೊರಬರುವಾಗ ರೈಕೊನೆನ್ ಅವರ ಕಾರು ಹಿಡಿತ ತಪ್ಪಿ ಹಿಂದಿನಿಂದ ಬಂದು ಸುಟಿಲ್‌ರಿಗೆ ಗುದ್ದಿತು. ಅಲ್ಲಿಗೆ ಐದು ಅಂಕ ಹೋಯಿತು. ಸುಟಿಲ್ ತಂಡದ ಕೊಠಡಿಯಲ್ಲಿ ಕುಳಿತು ಅತ್ತರು. ಆ ವರ್ಷ ಫೋರ್ಸ್ ಇಂಡಿಯಾದ ಒಟ್ಟು ಗಳಿಕೆ ಸೊನ್ನೆ. ಮರುವರ್ಷ ಬೆಲ್ಜಿಯಂನಲ್ಲಿ ಫಿಸಿಕೆಲ್ಲಾ ಎಲ್ಲರಿಗಿಂತ ಮುಂದಿನ ಸ್ಥಾನದಿಂದ ಹೊರಟು ಎರಡನೆಯವರಾಗಿ ಬಂದು ಆ ಸೊನ್ನೆಯನ್ನು ಅಳಿಸಿದರು. ತಂಡ 2018ರಲ್ಲಿ ಸಾಲದ ಭಾರಕ್ಕೆ ಕುಸಿದು ಬೇರೆಯವರ ಕೈಸೇರಿತು; ಆ ಹೆಸರು ಈಗ ಇಲ್ಲ. ಮೊನಾಕೊದ ಆ ಓಟವನ್ನು ಗೆದ್ದವರು, ಮೊದಲಲ್ಲೇ ಗೋಡೆಗೆ ಉಜ್ಜಿ ಟಯರು ಬದಲಿಸಿಕೊಂಡು ಬಂದ ಹ್ಯಾಮಿಲ್ಟನ್.

ಜೂನ್ 8ರ ಕೆನಡಾ ಓಟದಲ್ಲಿ ವಿಚಿತ್ರ ನಡೆಯಿತು. ಪಿಟ್ ಎಂದರೆ ಆಗ ಟಯರು ಬದಲಿಸಿ ಪೆಟ್ರೋಲು ತುಂಬಿಸುತ್ತಿದ್ದ ಜಾಗ. ಅಲ್ಲಿಂದ ಹೊರಬರುವ ಬಾಯಲ್ಲಿ ಕೆಂಪು ದೀಪ ಕಂಡು ರೈಕೊನೆನ್ ನಿಂತಿದ್ದರು. ಹ್ಯಾಮಿಲ್ಟನ್ ಅದನ್ನು ಗಮನಿಸದೆ ಹಿಂದಿನಿಂದ ಹೋಗಿ ಗುದ್ದಿದರು. ಪೇಟೆಯ ಸಿಗ್ನಲ್ಲಿನಲ್ಲಿ ಆಟೋಗಳು ಗುದ್ದಿಕೊಂಡಂತೆ! ಗೆದ್ದವರು ಪೋಲೆಂಡಿನ ರಾಬರ್ಟ್ ಕುಬಿಟ್ಸಾ. ಹಿಂದಿನ ವರ್ಷ ಅದೇ ದಾರಿಯಲ್ಲಿ ಕಾರು ಚೂರುಚೂರಾಗಿ ಬದುಕಿದ್ದೇ ಹೆಚ್ಚೆನಿಸಿದ್ದ ಮನುಷ್ಯ.

ಜೂನ್ 22ರಂದು ಫ್ರಾನ್ಸಿನಲ್ಲಿ ಮಸ್ಸಾ ಗೆದ್ದು ಪಟ್ಟಿಯ ಮೇಲಕ್ಕೇರಿದರು. 1993ರಲ್ಲಿ ಐರ್ಟನ್ ಸೆನ್ನಾ ಮುಂದಿದ್ದ ಮೇಲೆ ಬ್ರೆಜಿಲ್ಲಿನವರೊಬ್ಬರು ಆ ಸ್ಥಾನ ಕಂಡದ್ದು ಅದೇ ಮೊದಲು. ಆ ವೈಭವ ಎರಡು ವಾರ ನಡೆಯಿತು. ಜುಲೈ 6ರಂದು ಸಿಲ್ವರ್‌ಸ್ಟೋನ್‌ನಲ್ಲಿ ಸುರಿದದ್ದು ನಮ್ಮ ಕಡೆಯದಕ್ಕೆ ಹೋಲಿಸಿದರೆ ತುಂತುರು ಎನ್ನಬೇಕು. ಅಷ್ಟಕ್ಕೇ ಮಸ್ಸಾ ಐದು ಬಾರಿ ಗಿರ್ರನೆ ತಿರುಗಿ ಓಟ ಮುಗಿಸಿದವರಲ್ಲಿ ಕಟ್ಟಕಡೆಯವರಾದರು. ಹ್ಯಾಮಿಲ್ಟನ್ ಎರಡನೆಯವರಿಗಿಂತ ಒಂದು ನಿಮಿಷಕ್ಕೂ ಹೆಚ್ಚು ಮುಂದೆ ಬಂದು ಗೆದ್ದರು. ಹಂಗಾಮಿನ ಅರ್ಧ ಮುಗಿದಾಗ ನಮ್ಮ ಡೈರಿಯಲ್ಲಿ ಹ್ಯಾಮಿಲ್ಟನ್ 48, ಮಸ್ಸಾ 48, ರೈಕೊನೆನ್ 48. ಮೂರು ಹೆಸರಿನ ಮುಂದೆ ಒಂದೇ ಅಂಕಿ! ಕೂಡಿಸಿದ್ದು ಸರಿಯೇ ಎಂದು ಹುಡುಗರು ಎರಡು ಸಲ ಪರೀಕ್ಷಿಸಿದರು.

ಆಗಸ್ಟ್ 3ರ ಹಂಗೆರಿ ಓಟವನ್ನು ನೆನೆಸಿಕೊಂಡರೆ ನಮಗೆ ಇಂದಿಗೂ ಹೊಟ್ಟೆ ಉರಿಯುತ್ತದೆ. ಮಸ್ಸಾ ಮೊದಲ ತಿರುವಿನಲ್ಲೇ ಹೊರಬದಿಯಿಂದ ಹ್ಯಾಮಿಲ್ಟನ್‌ರನ್ನು ದಾಟಿ ಓಟವನ್ನು ತಮ್ಮದಾಗಿಸಿಕೊಂಡಿದ್ದರು. ಅವರ ಆಯುಷ್ಯದ ಅತ್ಯುತ್ತಮ ಚಾಲನೆ ಅದೇ ಎಂದು ನಮ್ಮ ಅಭಿಪ್ರಾಯ. ಇನ್ನು ಮೂರೇ ಸುತ್ತು ಎನ್ನುವಾಗ ಎಂಜಿನ್ನು ಹೊಗೆ ಉಗುಳಿ ನಿಂತಿತು. ಗೊನೆ ಇಳಿಸುವ ದಿನ ಮರವೇ ಮುರಿದು ಬಿದ್ದಂತೆ.

ಇನ್ನು ಬೆಲ್ಜಿಯಂ. ಈ ಓಟವನ್ನು ವಾಚಕರು ಮನಸ್ಸಿನಲ್ಲಿಡಬೇಕು, ಮುಂದೆ ಲೆಕ್ಕಕ್ಕೆ ಬೇಕಾಗುತ್ತದೆ. ಸೆಪ್ಟೆಂಬರ್ 7ರಂದು ಕೊನೆಯ ಸುತ್ತುಗಳಲ್ಲಿ ಮಳೆ ಹನಿಯತೊಡಗಿತು. ಹ್ಯಾಮಿಲ್ಟನ್ ರೈಕೊನೆನ್‌ರನ್ನು ದಾಟುವ ಭರದಲ್ಲಿ ತಿರುವನ್ನು ಅಡ್ಡಹಾಯ್ದರು; ನಿಯಮದಂತೆ ಸ್ಥಾನವನ್ನು ಹಿಂದಕ್ಕೆ ಕೊಟ್ಟರು; ಮರುಗಳಿಗೆಯಲ್ಲೇ ಮುಂದಿನ ತಿರುವಿನಲ್ಲಿ ಮತ್ತೆ ದಾಟಿದರು. ರೈಕೊನೆನ್ ಆಮೇಲೆ ಜಾರಿ ಗೋಡೆಗೆ ಬಡಿದು ಹೊರಬಿದ್ದರು. ಹ್ಯಾಮಿಲ್ಟನ್ ಗೆದ್ದರು, ಮಸ್ಸಾ ಎರಡನೆಯವರು. ಓಟ ಮುಗಿದ ಮೇಲೆ ತೀರ್ಪುಗಾರರು ಕುಳಿತು, ಸ್ಥಾನ ಹಿಂತಿರುಗಿಸಿದ್ದು ಸಾಲದೆಂದು ಹ್ಯಾಮಿಲ್ಟನ್‌ರಿಗೆ 25 ಸೆಕೆಂಡು ದಂಡ ಹಾಕಿದರು. ಗೆಲುವು ಮಸ್ಸಾ ಪಾಲಾಯಿತು, ಹ್ಯಾಮಿಲ್ಟನ್ ಮೂರನೆಯವರಾದರು. ಮಸ್ಸಾ ಪಕ್ಷದವರಾದರೂ ಹೇಳುತ್ತೇವೆ, ಆ ದಂಡ ಅತಿಯಾಯಿತು. ಹುಡುಗರು ಅಂದು ರಾತ್ರಿ ಊಟಕ್ಕೆ ಏಳಲಿಲ್ಲ.

ಸೆಪ್ಟೆಂಬರ್ 14ರಂದು ಇಟಲಿಯ ಮಳೆಯಲ್ಲಿ ಟೊರೊ ರೊಸ್ಸೊ ಎಂಬ ಸಣ್ಣ ತಂಡದ 21 ವರ್ಷದ ಸೆಬಾಸ್ಟಿಯನ್ ವೆಟ್ಟೆಲ್ ಗೆದ್ದು ಲೋಕವನ್ನೇ ಬೆರಗುಗೊಳಿಸಿದರು. ಡೈರಿಯಲ್ಲಿ ಹ್ಯಾಮಿಲ್ಟನ್ 78, ಮಸ್ಸಾ 77.

ಸಿಂಗಪುರದ ರಾತ್ರಿ

ಸೆಪ್ಟೆಂಬರ್ 28ರಂದು ಸಿಂಗಪುರದಲ್ಲಿ ಈ ಪಂದ್ಯಗಳ ಇತಿಹಾಸದಲ್ಲೇ ಮೊದಲ ಸಲ ದೀಪದ ಬೆಳಕಿನಲ್ಲಿ ಓಟ ನಡೆಯಿತು. ಯುರೋಪಿನ ವೀಕ್ಷಕರಿಗೆ ಎಂದಿನ ಮಧ್ಯಾಹ್ನದ ಹೊತ್ತು ಸಿಗಲೆಂದು ಮಾಡಿದ ಏರ್ಪಾಡು ಅದು. ಹಾಗಾಗಿ ನಮಗೂ ಎಂದಿನ ಐದೂವರೆಯೇ. ಮಸ್ಸಾ ಮುಂದಿನ ಸ್ಥಾನದಿಂದ ಹೊರಟು ಮುಂದೆಯೇ ಇದ್ದರು. ರೆನೋ ತಂಡದ ಫರ್ನಾಂಡೊ ಅಲೊನ್ಸೊ ಯಾರಿಗಿಂತಲೂ ಮೊದಲೇ ಪಿಟ್‌ಗೆ ಬಂದು ಹೋದರು. ಸ್ವಲ್ಪದರಲ್ಲೇ ಅದೇ ತಂಡದ ನೆಲ್ಸನ್ ಪಿಕೆ ಜೂನಿಯರ್ ಗೋಡೆಗೆ ಬಡಿದರು. ಹೀಗೆ ಅಪಘಾತವಾದಾಗ ಎಲ್ಲರೂ ನಿಧಾನವಾಗಿ ಒಂದು ಕಾವಲು ಕಾರಿನ ಹಿಂದೆ ಸಾಲಾಗಿ ಹೋಗಬೇಕು. ಮುಂದಿದ್ದವರು ಗಳಿಸಿಟ್ಟ ಅಂತರವೆಲ್ಲ ಕರಗುತ್ತದೆ. ಮೊದಲೇ ಪೆಟ್ರೋಲು ತುಂಬಿಸಿಕೊಂಡವನಿಗೆ ಆಗ ಲಾಭವಾಗುತ್ತಿತ್ತು. ಉಳಿದವರೆಲ್ಲ ಒಟ್ಟಿಗೆ ಪಿಟ್‌ಗೆ ನುಗ್ಗಿದರು. ಆ ಗಡಿಬಿಡಿಯಲ್ಲಿ ಫೆರಾರಿಯವರ ಹಸಿರು ದೀಪ ಹೊತ್ತಗಳಿಗೆಗೆ ಮೊದಲೇ ಹೊತ್ತಿತು. ಮಸ್ಸಾ ಹೊರಟೇಬಿಟ್ಟರು, ಪೆಟ್ರೋಲಿನ ಕೊಳವೆ ಇನ್ನೂ ಕಾರಿಗೆ ಸಿಕ್ಕಿಕೊಂಡೇ ಇತ್ತು. ಕೊಳವೆಯನ್ನು ಬಾಲದಂತೆ ಎಳೆದುಕೊಂಡು ಹೋಗಿ ಕಡೆಯಲ್ಲಿ ನಿಂತರು. ಕೆಲಸಗಾರರು ಓಡೋಡಿ ಬಂದು ಕಿತ್ತರು. ಮಸ್ಸಾ ಹದಿಮೂರನೆಯವರಾದರು, ಅಂಕವಿಲ್ಲ. ಅಲೊನ್ಸೊ ಗೆದ್ದರು. ಮೂರನೆಯವರಾದ ಹ್ಯಾಮಿಲ್ಟನ್‌ಗೆ 6 ಅಂಕ. ಅಲೊನ್ಸೊ ಅವರ ಅದೃಷ್ಟವೇ ಅದೃಷ್ಟ ಎಂದು ಎಲ್ಲರೂ ಅಂದರು.

ಜಪಾನಿನಲ್ಲಿ ಇಬ್ಬರೂ ಗುದ್ದಾಡಿ ಇಬ್ಬರೂ ದಂಡ ತೆತ್ತರು. ಚೀನದಲ್ಲಿ ಹ್ಯಾಮಿಲ್ಟನ್ ಗೆದ್ದರು. ಕೊನೆಯ ಓಟಕ್ಕೆ ಮುನ್ನ ಹ್ಯಾಮಿಲ್ಟನ್ 94, ಮಸ್ಸಾ 87. ಮಸ್ಸಾ ಗೆದ್ದರೆ 97. ಹ್ಯಾಮಿಲ್ಟನ್ ಐದನೆಯವರಾದರೆ 98. ಆರನೆಯವರಾದರೆ ಇಬ್ಬರಿಗೂ 97, ಆಗ ಹೆಚ್ಚು ಓಟ ಗೆದ್ದ ಮಸ್ಸಾಗೆ ಪಟ್ಟ. ಇಷ್ಟೇ ಲೆಕ್ಕ, ಬಾಯಿಪಾಠವಾಗಿತ್ತು.

ನವೆಂಬರ್ 2ರ ಭಾನುವಾರ, ದೀಪಾವಳಿ ಕಳೆದ ವಾರ. ನಮ್ಮಲ್ಲಿ ಅಡಿಕೆ ಕೊಯ್ಲು ಶುರುವಾಗಿತ್ತು. ಸುಲಿಯುವವರು ಮೆಟ್ಟುಗತ್ತಿ ಇಟ್ಟುಕೊಂಡು ಜಗುಲಿಯಲ್ಲಿ ಸಾಲಾಗಿ ಕುಳಿತಿದ್ದರು. ಟೀವಿಯನ್ನು ಬಾಗಿಲಿಗೆ ತಿರುಗಿಸಿ ಇಟ್ಟಿದ್ದೆವು. ಇಂಟರ್‌ಲಾಗೋಸ್ ಎಂದರೆ ಎರಡು ಕೆರೆಗಳ ನಡುವಿನ ಜಾಗ. ಸುಮಾರು ನಾಲ್ಕು ಕಾಲು ಕಿಲೋಮೀಟರಿನ ಸುತ್ತು, ಅಂಥವು 71. ಹೊರಡುವ ಹೊತ್ತಿಗೆ ಸರಿಯಾಗಿ ಮಳೆ ಬಂದು ಓಟ ಹತ್ತು ನಿಮಿಷ ತಡವಾಯಿತು. ಆಮೇಲೆ ದಾರಿ ಒಣಗಿತು. ಮಸ್ಸಾ ಮೊದಲಿನಿಂದ ಮುಂದೆ. ಒಂದು ತಪ್ಪೂ ಇಲ್ಲ. ಹ್ಯಾಮಿಲ್ಟನ್ ನಾಲ್ಕು ಐದರಲ್ಲಿ ಹುಷಾರಾಗಿ ಬರುತ್ತಿದ್ದರು. ಇನ್ನು ಏಳೆಂಟು ಸುತ್ತಿದೆ ಎನ್ನುವಾಗ ಮತ್ತೆ ಮಳೆ. ಹೆಚ್ಚಿನವರು ಒದ್ದೆಯ ಟಯರು ಹಾಕಿಸಿಕೊಂಡರು. ಟೊಯೋಟಾ ತಂಡದ ಟಿಮೊ ಗ್ಲಾಕ್ ಒಣ ಟಯರಿನಲ್ಲೇ ಧೈರ್ಯ ಮಾಡಿ ನಾಲ್ಕನೆಯ ಸ್ಥಾನಕ್ಕೆ ಬಂದರು. ಇನ್ನೆರಡು ಸುತ್ತಿರುವಾಗ ವೆಟ್ಟೆಲ್ ಹ್ಯಾಮಿಲ್ಟನ್‌ರನ್ನು ದಾಟಿದರು. ಹ್ಯಾಮಿಲ್ಟನ್ ಆರನೆಯವರು! ಹುಡುಗರ ಮುಖದಲ್ಲಿ ಬಣ್ಣವಿರಲಿಲ್ಲ.

ಮಸ್ಸಾ ಗೆರೆ ದಾಟಿದರು. ಫೆರಾರಿ ಕೊಠಡಿಯಲ್ಲಿ ಅವರ ತಂದೆ, ಬಂಧುಗಳು ಕುಣಿದಾಡಿದರು. ಇಲ್ಲಿ ನಾವೂ ಎದ್ದು ನಿಂತೆವು. ಹ್ಯಾಮಿಲ್ಟನ್ ಗೆರೆ ದಾಟಿದ್ದು ಅದಾದ ಸುಮಾರು 39 ಸೆಕೆಂಡಿಗೆ. ಆ ಮಧ್ಯೆ, ಕೊನೆಯ ಸುತ್ತಿನ ಕೊನೆಯ ತಿರುವಿನಲ್ಲಿ, ಒಣ ಟಯರಿನ ಗ್ಲಾಕ್ ಜಾರುತ್ತ ತೆವಳುತ್ತ ಇದ್ದರು. ವೆಟ್ಟೆಲ್ ದಾಟಿದರು, ಅವರ ಹಿಂದೆ ಹ್ಯಾಮಿಲ್ಟನ್ ದಾಟಿದರು. ಐದನೆಯ ಸ್ಥಾನ, 98 ಅಂಕ. ಟೀವಿಯವರಿಗೂ ಅದು ತಿಳಿಯಲು ಕೊಂಚ ಹೊತ್ತು ಬೇಕಾಯಿತು.

ಮಸ್ಸಾ ತನ್ನೂರಿನ ಜನರ ಮುಂದೆ ವಿಜಯವೇದಿಕೆ ಹತ್ತಿ, ಎದೆ ತಟ್ಟಿಕೊಂಡು, ಕಣ್ಣೀರು ಸುರಿಸುತ್ತ ನಿಂತರು. ಜಗುಲಿಯಿಂದ ಒಬ್ಬಾಕೆ ಕೇಳಿದಳು:

"ಅಲ್ಲ ಅಯ್ಯಾ, ಗೆದ್ದೋನು ಅಳ್ತಾ ನಿಂತಿದಾನಲ್ಲ, ಯಾಕೆ?"

"ಗೆದ್ದದ್ದು ಇವತ್ತಿಂದು ಮಾತ್ರ ಕಣೆ, ವರ್ಷದ್ದು ಹೋಯ್ತು" ಎಂದೆವು.

"ಎಷ್ಟರಲ್ಲಿ ಹೋಯ್ತು?"

"ಒಂದರಲ್ಲಿ."

ಆಕೆ ಡಬ್ಬಕ್ಕೆ ಸುಲಿದ ಅಡಿಕೆ ಸುರಿದು, "ಅಯ್ಯೋ ಪಾಪ" ಎಂದು ಮತ್ತೆ ಕತ್ತಿಗೆ ಕೂತಳು.

ಅಳಿಸಲಾಗದ ಬರಹ

ಕಥೆ ಅಲ್ಲಿಗೆ ಮುಗಿಯಬೇಕಿತ್ತು. 2009ರ ಆಗಸ್ಟ್‌ನಲ್ಲಿ ರೆನೋ ತಂಡ ಪಿಕೆ ಜೂನಿಯರ್‌ರನ್ನು ಕೈಬಿಟ್ಟಿತು. ಆಗ ಅವರು ಬಾಯಿಬಿಟ್ಟರು: ಸಿಂಗಪುರದಲ್ಲಿ ಗೋಡೆಗೆ ಬಡಿದದ್ದು ಅಪಘಾತವಲ್ಲ, ಅಲೊನ್ಸೊ ಗೆಲ್ಲಲೆಂದು ತಂಡದ ಹಿರಿಯರು ಹೇಳಿ ಮಾಡಿಸಿದ್ದು. ವಿಚಾರಣೆಯಾಗಿ ರೆನೋ ತಂಡಕ್ಕೆ ಅಮಾನತಿನ ಶಿಕ್ಷೆ, ಇಬ್ಬರು ಮುಖ್ಯಸ್ಥರಿಗೆ ನಿಷೇಧ ಆದವು. ನಿಷೇಧವನ್ನು ಮುಂದೆ ಫ್ರಾನ್ಸಿನ ನ್ಯಾಯಾಲಯ ತೆಗೆದುಹಾಕಿತು. ಆದರೆ ಸಿಂಗಪುರದ ಫಲಿತಾಂಶ ಬದಲಾಗಲಿಲ್ಲ. ಹಂಗಾಮು ಮುಗಿದು ಪ್ರಶಸ್ತಿ ಹಂಚಿದ ಮೇಲೆ ಅಂಕಗಳನ್ನು ಮುಟ್ಟುವಂತಿಲ್ಲವೆಂಬುದು ಅಲ್ಲಿಯ ಕ್ರಮ. ಲೆಕ್ಕಪರಿಶೋಧನೆಯಾಗಿ ಮಹಾಸಭೆ ಒಪ್ಪಿದ ಜಮಾಖರ್ಚಿನಂತೆ ಎಂದು ನಮ್ಮ ಸದಸ್ಯರು ತಿಳಿಯಬಹುದು. ವ್ಯತ್ಯಾಸವೆಂದರೆ, ನಮ್ಮಲ್ಲಿ ಹಳೆಯ ವರ್ಷದ ವಂಚನೆ ಹೊರಬಿದ್ದರೆ ಕಡತ ಮತ್ತೆ ತೆರೆಯುತ್ತದೆ.

ಆ ವಾರ ನಾವು ಡೈರಿ ತೆಗೆದು ಕುಳಿತೆವು. ಸಿಂಗಪುರದ ಸಾಲನ್ನು ಪೂರ್ತಿ ಹೊಡೆದುಹಾಕಿದರೆ ಹ್ಯಾಮಿಲ್ಟನ್ 92, ಮಸ್ಸಾ 97. ಪಟ್ಟ ಮಸ್ಸಾದು! ಹುಡುಗರು ಬಿಡುವರೇ? "ಹಾಗಾದರೆ ಬೆಲ್ಜಿಯಂ ದಂಡವನ್ನೂ ಹೊಡೆದುಹಾಕಿ, ಅತಿಯಾಯಿತೆಂದು ನೀವೇ ಹೇಳಿದ್ದಿರಲ್ಲ" ಎಂದರು. ಹೊಡೆದೆವು. ಬೆಲ್ಜಿಯಂನಲ್ಲಿ ಹ್ಯಾಮಿಲ್ಟನ್‌ಗೆ 6ರ ಬದಲು 10, ಮಸ್ಸಾಗೆ 10ರ ಬದಲು 8. ಎರಡನ್ನೂ ಸೇರಿಸಿ ಕೂಡಿಸಿದಾಗ ಬಂದದ್ದು ಹ್ಯಾಮಿಲ್ಟನ್ 96, ಮಸ್ಸಾ 95. ಮತ್ತೆ ಅದೇ ಒಂದು ಅಂಕ!

ನಾವು ಒಪ್ಪಲಿಲ್ಲ, ಇಂದಿಗೂ ಒಪ್ಪುವುದಿಲ್ಲ. ತೀರ್ಪುಗಾರರು ಕಣ್ಣೆದುರು ನಡೆದದ್ದನ್ನು ನೋಡಿ ಕೊಟ್ಟ ತೀರ್ಪು, ಕಠಿಣವಾದರೂ, ತೀರ್ಪೇ. ಬೇಕೆಂದೇ ಗೋಡೆಗೆ ಬಡಿಸಿದ್ದು ಕಳ್ಳತೂಕ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು. ಆದರೆ ಹುಡುಗರ ಇನ್ನೊಂದು ಮಾತಿಗೆ ನಮ್ಮಲ್ಲಿ ಉತ್ತರ ಕಡಮೆ: ಕೊಳವೆ ಕಿತ್ತುಕೊಂಡು ಹೊರಟದ್ದು ಫೆರಾರಿಯವರ ಕೈಯಾರೆ ಆದದ್ದು, ಅದನ್ನು ಪಿಕೆ ಮಾಡಲಿಲ್ಲ. ಸಿಲ್ವರ್‌ಸ್ಟೋನ್‌ನ ಐದು ಗಿರಕಿಗಳೂ ಮಲೇಷ್ಯದ ಮರಳೂ ಮಸ್ಸಾ ಅವರದೇ. ಹಂಗೆರಿಯ ಎಂಜಿನ್ನು ಮಾತ್ರ ಯಾರ ತಲೆಗೂ ಕಟ್ಟುವಂತಿಲ್ಲ.

2023ರಲ್ಲಿ ಪಂದ್ಯಗಳ ಹಳೆಯ ಒಡೆಯ ಬರ್ನಿ ಎಕ್ಲೆಸ್ಟೋನ್ ಅವರ ಸಂದರ್ಶನವೊಂದು ಪ್ರಕಟವಾಗಿ, ಸಿಂಗಪುರದ ಗುಟ್ಟು ಮೇಲಿನವರಿಗೆ ಆ ವರ್ಷವೇ ತಿಳಿದಿತ್ತೆಂಬ ಚರ್ಚೆ ಎದ್ದಿತು. 2024ರಲ್ಲಿ ಮಸ್ಸಾ ಲಂಡನ್ನಿನ ಹೈಕೋರ್ಟಿನಲ್ಲಿ ದಾವೆ ಹೂಡಿದರು. ಹ್ಯಾಮಿಲ್ಟನ್ ಅಷ್ಟರಲ್ಲಿ ಏಳು ಪಟ್ಟಗಳ ಒಡೆಯರಾಗಿದ್ದರು; ಅದರಲ್ಲಿ ಒಂದು ಕಡಮೆಯಾದರೂ ಅವರ ಹಿರಿಮೆಗೆ ಏನೂ ಕುಂದಿಲ್ಲ. ಮಸ್ಸಾಗೆ ಆ ಒಂದೇ ಎಲ್ಲವೂ ಆಗಿತ್ತು. 2008ರ ಇಂಟರ್‌ಲಾಗೋಸ್ ಗೆಲುವೇ ಅವರ ಕೊನೆಯ ಗೆಲುವು. 2009ರಲ್ಲಿ ಹಂಗೆರಿಯಲ್ಲಿ ಮುಂದಿನ ಕಾರಿನಿಂದ ಕಳಚಿದ ಸ್ಪ್ರಿಂಗು ತಲೆಗೆ ಬಡಿದು ಆ ವರ್ಷದ ಉಳಿದ ಓಟಗಳಿಂದ ಹೊರಗುಳಿಯಬೇಕಾಯಿತು. ಮರಳಿ ಬಂದು ಇನ್ನೂ ಅನೇಕ ವರ್ಷ ಓಡಿಸಿದರು.

2016ರ ನವೆಂಬರ್‌ನಲ್ಲಿ, ತವರಿನಲ್ಲಿ ಇದೇ ಕೊನೆ ಎಂದು ಸಾರಿ ಇಂಟರ್‌ಲಾಗೋಸ್‌ಗೆ ಬಂದರು. ಅಂದೂ ಜಡಿಮಳೆ. ಕಾರು ಜಾರಿ ಗೋಡೆಗೆ ಬಡಿಯಿತು. ಇಳಿದು, ಬ್ರೆಜಿಲ್ ಬಾವುಟ ಹೆಗಲಿಗೆ ಹಾಕಿಕೊಂಡು, ಅಳುತ್ತ ಪಿಟ್ ದಾರಿಯಲ್ಲಿ ನಡೆದುಬಂದಾಗ ಎದುರಾಳಿ ತಂಡಗಳ ಕೆಲಸಗಾರರೂ ಹೊರಬಂದು ಸಾಲಾಗಿ ನಿಂತು ಚಪ್ಪಾಳೆ ತಟ್ಟಿದರು. ಮರುವರ್ಷ ಅವರ ತಂಡದಲ್ಲಿ ಜಾಗ ತೆರವಾಗಿ ಮತ್ತೆ ಕರೆಬಂತು. ಇನ್ನೊಂದು ಹಂಗಾಮು ಓಡಿಸಿದರು. 2017ರಲ್ಲಿ ಇಂಟರ್‌ಲಾಗೋಸ್‌ನಲ್ಲಿ ಏಳನೆಯವರಾಗಿ ಮುಗಿಸಿದರು. ಅಂದು ಮಳೆ ಬರಲಿಲ್ಲ.